ಫೀಸು ಕಟ್ಟುವ ಮುಂಚೆ ಲ್ಯಾಬಿಗೆ ಹೋಗಿ ಬನ್ನಿ

ದೊಡ್ಡ ಮಗಳನ್ನು ಬಿ.ಎಸ್ಸಿ.ಗೆಂದು ತಾಳಗುಪ್ಪದಲ್ಲಿ ರೈಲು ಹತ್ತಿಸಿ ಕಾರ್ಗಲ್ಲಿಗೆ ಮರಳಿದ ರಾತ್ರಿ ನನಗೆ ಹೆಮ್ಮೆಯಿಂದ ನಿದ್ದೆ ಬಂದಿರಲಿಲ್ಲ. ಅವಳು ಸೇರಿದ ಕಾಲೇಜಿನ ಕೈಪಿಡಿಯ ತುಂಬ ಸಂಶೋಧನಾ ಪ್ರಬಂಧ, ಪೇಟೆಂಟು, ಪ್ರಾಜೆಕ್ಟುಗಳದೇ ಪಟ್ಟಿ. ಫೀಸು, ಪಿ.ಜಿ., ಊಟ ಸೇರಿ ವರ್ಷಕ್ಕೆ ಒಂದೂಮುಕ್ಕಾಲು ಲಕ್ಷ. ಪಿ.ಎಫ್.ನಿಂದ ತೆಗೆದು ಕೊಟ್ಟೆ.

ದಸರಾ ರಜೆಗೆ ಬಂದವಳು, "ಅಪ್ಪಾ, ಆ ಪಟ್ಟಿಯಲ್ಲಿದ್ದ ಪ್ರೊಫೆಸರನ್ನ ನಾನಿನ್ನೂ ನೋಡೇ ಇಲ್ಲ" ಅಂದಳು. ಪಾಠಕ್ಕೆ ಬರುತ್ತಿದ್ದವರು ಪಿಎಚ್.ಡಿ. ವಿದ್ಯಾರ್ಥಿಗಳು, ಅದೂ ಸರದಿಯ ಮೇಲೆ. ಪ್ರಾಕ್ಟಿಕಲ್‌ನಲ್ಲಿ ಒಂದು ಬ್ಯುರೆಟ್ಟಿಗೆ ಆರು ಮಂದಿ. ಇವಳ ಪಾಲಿಗೆ ರೀಡಿಂಗ್ ಬರೆದುಕೊಳ್ಳುವ ಕೆಲಸ. ಮರುವರ್ಷ ಟ್ಯೂಷನ್ನಿಗೆ 18,000 ರೂಪಾಯಿ ಕಟ್ಟಿದೆ. ಒಂದೇ ಪಾಠಕ್ಕೆ ಎರಡು ಸಲ ದುಡ್ಡು.

ಕಾಲೇಜು ಆರಿಸುವಾಗ ಅದರ ಗುಣಮಟ್ಟಕ್ಕೆ ಕೊಟ್ಟ ನ್ಯಾಕ್ ಗ್ರೇಡನ್ನು ನಾವು ನೋಡುವ ರೀತಿಯಲ್ಲೇ ಎಡವಟ್ಟಿದೆ. ಗ್ರೇಡ್ ಪದ್ಧತಿಯ 1,000 ಅಂಕಗಳಲ್ಲಿ ವಿಶ್ವವಿದ್ಯಾಲಯಕ್ಕೆ ಬೋಧನೆ-ಕಲಿಕೆಯ ಪಾಲು 200, ಸಂಶೋಧನೆಯದು 250. ಪದವಿ ಮಾತ್ರ ಕಲಿಸುವ ಸಂಯೋಜಿತ ಕಾಲೇಜಿಗೆ ಬೋಧನೆಗೇ 350, ಸಂಶೋಧನೆಗೆ 110. ಎರಡು ಕಡೆಯ 'ಎ' ಒಂದೇ ಅಲ್ಲ. ವಿಭಾಗವಾರು ಅಂಕ ಕೇಳಿ ಪಡೆಯಿರಿ.

ಮಗನ ಸರದಿ ಬಂದಾಗ ನಾನೇ ಓದಿದ್ದ ಸಾಗರದ ಎಲ್.ಬಿ. ಕಾಲೇಜಿಗೆ ಪ್ರಾಕ್ಟಿಕಲ್ ಇದ್ದ ದಿನವೇ ಹೋದೆ. ಒಬ್ಬ ಹುಡುಗನ ಫ್ಲಾಸ್ಕು ಒಮ್ಮೆಲೇ ಕಡುಗುಲಾಬಿಯಾಯಿತು. ಪಕ್ಕದಲ್ಲಿದ್ದ ಮೇಡಂ, "ಹನಿ ಹನಿಯಾಗಿ ಬಿಡೋ, ಅವಸರ ಯಾಕೆ? ಚೆಲ್ಲು, ಇನ್ನೊಮ್ಮೆ ಮಾಡು" ಎಂದರು. ಅವನು ಮಾಡಿ ಮುಗಿಸುವ ತನಕ ಅಲ್ಲೇ ನಿಂತಿದ್ದರು. ಫೀಸು ಕಟ್ಟುವುದು ಆ ನಿಲ್ಲುವಿಕೆಗೆ ಎಂದು ನನಗೆ ಅಂದೇ ಖಾತ್ರಿಯಾಯಿತು.

ಎಲ್ಲಿಗೇ ಹೋದರೂ ಒಂದು ಪ್ರಶ್ನೆ ಮರೆಯಬೇಡಿ: ಅತಿಥಿ ಉಪನ್ಯಾಸಕರು ಎಷ್ಟು ಜನ, ಅವರ ನೇಮಕ ಆಗುವುದು ಯಾವ ತಿಂಗಳಲ್ಲಿ? ಅವರಲ್ಲಿ ಅದ್ಭುತವಾಗಿ ಪಾಠ ಮಾಡುವವರಿದ್ದಾರೆ. ಆದರೆ ನೇಮಕ ತಡವಾದರೆ ಅರ್ಧ ಸೆಮಿಸ್ಟರ್ ಖಾಲಿ ಬೆಂಚಿನಲ್ಲೇ ಕಳೆದುಹೋಗುತ್ತದೆ, ನಷ್ಟ ಮಕ್ಕಳಿಗೆ.

ಸಂಶೋಧನೆ ಬೇಡವೆನ್ನುತ್ತಿಲ್ಲ. ಆ ಹುಚ್ಚು ಹತ್ತಿದ ಮಗುವಿಗಾಗಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ಪದವಿ ಶುರು ಮಾಡಿತು. ಪಿ.ಯು. ಮುಗಿಸಿ ಇನ್ನೂ ತಡಕಾಡುವ ಮಕ್ಕಳಿಗೆ ಮಾತ್ರ ಹೆಸರು ಹಿಡಿದು ಕರೆಯುವ ಮೇಷ್ಟ್ರು ಬೇಕು.

ಮಗ ಈಗ ಪಾಸ್ ಮಾಡಿಸಿಕೊಂಡು ಬೆಳಗಿನ ಬಸ್ಸಿಗೆ ಸಾಗರಕ್ಕೆ ಹೋಗುತ್ತಾನೆ. (ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಪುಕ್ಕಟೆ; ಮಗಳ ಕಾಲಕ್ಕೆ ಅದಿರಲಿಲ್ಲ.) ಪಿ.ಜಿ.ಯ ಬಾಡಿಗೆಗೆ ಹೋಗಬೇಕಿದ್ದ 6,000 ರೂಪಾಯಿಯನ್ನು ತಿಂಗಳು ತಿಂಗಳೂ ಅವನ ಹೆಸರಲ್ಲಿ ಆರ್.ಡಿ. ಕಟ್ಟುತ್ತಿದ್ದೇನೆ. ಮೂರು ವರ್ಷಕ್ಕೆ ಅಸಲೇ 2,16,000 ಆಗುತ್ತದೆ. ಅದು ಎಂ.ಎಸ್ಸಿ.ಗೆ. ಆಗ ಕೈಪಿಡಿಯಲ್ಲಿ ಮೊದಲು ಓದುವುದು ಪ್ರಬಂಧಗಳ ಪಟ್ಟಿಯನ್ನೇ.