ರೇಡಿಯೊ ಮೇಷ್ಟ್ರ ಇನ್ನೊಂದು ಕೆಲಸ

ಪ್ರಶ್ನೆ: ಮೈಸೂರಿನಲ್ಲಿ ಆಕಾಶವಾಣಿ ಶುರು ಮಾಡಿದ ಎಂ. ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರಂತೆ, ಹೌದೇ ಸರ್? ಆ ವಿಷಯದಲ್ಲಿ ಅವರು ಬೇರೇನಾದರೂ ಮಾಡಿದ್ದರೋ, ಬರೀ ಪಾಠವೋ?
– ಪಿಯು ವಿದ್ಯಾರ್ಥಿ, ತಿಪಟೂರು

ಉತ್ತರ: ಪಾಠ ಅವರ ಕೆಲಸದಲ್ಲಿ ಅರ್ಧ ಮಾತ್ರ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಸಂಶೋಧನೆ ಮಾಡಿ ಬಂದವರು ಅವರು. ಲೆಕ್ಕವಿರಲಿ, ಭಾಷೆಯಿರಲಿ, ಎಲ್ಲದರ ಹಿಂದೆಯೂ ಒಂದು ಸಾಮಾನ್ಯ ಬುದ್ಧಿಶಕ್ತಿ ಇದೆ ಎಂದು 1904ರಲ್ಲಿ ವಾದಿಸಿದ್ದ ಸ್ಪಿಯರ್‌ಮನ್ನರೇ ಇವರು. ಹಾಗಾದರೆ ಕೈಗೆ ಹೊಸ ಕೆಲಸ ಕಲಿಸುವಾಗಲೂ ಬುದ್ಧಿಗೆ ಪಾಲುಂಟೇ? ಇದು ಶಿಷ್ಯ ಹಿಡಿದ ಪ್ರಶ್ನೆ.

ಅದಕ್ಕೆ ಬಳಸಿದ್ದು ಕನ್ನಡಿ. ನೀವೂ ಮಾಡಿ ನೋಡಬಹುದು. ಕಾಗದದ ಮೇಲೆ ಒಂದು ನಕ್ಷತ್ರ ಬರೆದು, ಅದರ ಎದುರಿಗೆ ಕನ್ನಡಿ ನಿಲ್ಲಿಸಿ. ಕೈ ನೇರವಾಗಿ ಕಾಣದಂತೆ ಒಂದು ರಟ್ಟು ಅಡ್ಡ ಇಡಿ. ಈಗ ಕನ್ನಡಿಯನ್ನಷ್ಟೇ ನೋಡುತ್ತ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯಿರಿ. ಮೊದಲ ಮೂಲೆ ಬರುತ್ತಲೇ ಕೈ ಹಟ ಹಿಡಿಯುತ್ತದೆ: ಈಚೆ ಎಳೆಯಬೇಕೆಂದರೆ ಆಚೆ ಓಡುತ್ತದೆ, ಇಲ್ಲವೇ ನಿಂತಲ್ಲೇ ನಡುಗುತ್ತದೆ. ಮತ್ತೆ ಮತ್ತೆ ಮಾಡಿದಂತೆ ಹಿಡಿಯುವ ಹೊತ್ತೂ ತಪ್ಪೂ ಇಳಿಯುತ್ತ ಹೋಗುತ್ತವೆ. ಈ ಇಳಿತವನ್ನು ಅಳೆಯಬಹುದು. ಬುದ್ಧಿಪರೀಕ್ಷೆಯ ಅಂಕಗಳ ಪಕ್ಕದಲ್ಲಿಟ್ಟು ತಾಳೆ ನೋಡಬಹುದು. ಇದರ ಬಗ್ಗೆ ಗೋಪಾಲಸ್ವಾಮಿಯವರು ಬರೆದ ಲೇಖನ 1924ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಬಂತು. ತಲೆಯ ಕೆಲಸ ಮೇಲು, ಕೈಯ ಕೆಲಸ ಕೀಳು ಎಂದು ವಿಂಗಡಿಸಿಟ್ಟ ನಾಡಿನಿಂದ ಹೋದವರೊಬ್ಬರು ಇದನ್ನೇ ಆರಿಸಿಕೊಂಡದ್ದು ನನಗೆ ಬಲು ಇಷ್ಟ.

ಅದೇ 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ತೆರೆಯಿತು. ದೇಶದಲ್ಲಿ ಇದಕ್ಕಿಂತ ಮುಂಚಿನದು ಕಲ್ಕತ್ತೆಯದು. ಪ್ರಯೋಗವಿಲ್ಲದೆ ಮನಃಶಾಸ್ತ್ರವಿಲ್ಲ ಎಂಬ ಲಂಡನ್ನಿನ ಪಾಠವನ್ನು ಗೋಪಾಲಸ್ವಾಮಿಯವರು ಇಲ್ಲಿಗೂ ತಂದರು, ಪ್ರಯೋಗಾಲಯ ಕಟ್ಟಿದರು. ರೇಡಿಯೊ ಆಮೇಲಿನದು: 1935ರ ಸೆಪ್ಟೆಂಬರ್ 10ರಂದು, ಸ್ವಂತ ಮನೆ ‘ವಿಠ್ಠಲ ವಿಹಾರ’ದಿಂದ, 30 ವಾಟ್‌ಗಳ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಕೊಟ್ಟವರು ನಾ. ಕಸ್ತೂರಿ ಎನ್ನುತ್ತಾರೆ. ಜನರ ಬಾಯಲ್ಲಿ ಉಳಿದದ್ದು ಇದೊಂದೇ; ಕನ್ನಡಿಯ ಪ್ರಯೋಗವನ್ನು ಮನಃಶಾಸ್ತ್ರ ಓದಿದವರೂ ಅವರ ಹೆಸರಿನ ಜೊತೆ ನೆನೆಯುವುದು ಕಮ್ಮಿ.

ಪ್ರಶ್ನೆ: ನಿಮ್ಹಾನ್ಸ್ ಕಟ್ಟಿದವರೂ ಇವರೇ ಅಲ್ಲವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅಲ್ಲ. ಅವರು ಎಂ. ವಿ. ಗೋವಿಂದಸ್ವಾಮಿ. ಇನಿಷಿಯಲ್ ಒಂದೇ, ಕಾಲವೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಈ ಗೊಂದಲ. ಗೋವಿಂದಸ್ವಾಮಿ ಮನೋವೈದ್ಯರು. ಬೆಂಗಳೂರಿನ ಮಾನಸಿಕ ಆಸ್ಪತ್ರೆ ನೋಡಿಕೊಳ್ಳುತ್ತಿದ್ದವರು, 1954ರಲ್ಲಿ ಅಲ್ಲೇ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರಾದರು. ಆ ಸಂಸ್ಥೆಯೂ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಆದದ್ದು 1974ರಲ್ಲಿ.