ಕಣ್ಣಿಗೆ ಕಾಣದ ಸೋರಿಕೆ: ಪೆಟ್ರೋಲ್ ಆವಿಯ ಪತ್ತೆ ಮತ್ತು ನಿವಾರಣೆ

ವಾಹನಗಳಿಂದಾಗುವ ವಾಯುಮಾಲಿನ್ಯವೆಂದರೆ ಹೊಗೆಕೊಳವೆಯಿಂದ ಹೊರಬರುವ ಹೊಗೆ ಮಾತ್ರ ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಎಂಜಿನ್ ನಿಲ್ಲಿಸಿದ ಪೆಟ್ರೋಲ್ ಕಾರಿನಿಂದಲೂ ಮಾಲಿನ್ಯ ಉಂಟಾಗಬಹುದು. ಪೆಟ್ರೋಲ್ ಸಾಮಾನ್ಯ ಉಷ್ಣತೆಯಲ್ಲಿಯೇ ಆವಿಯಾಗುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಈ ಕ್ರಿಯೆ ಇನ್ನೂ ತೀವ್ರವಾಗುತ್ತದೆ. ಆವಿಯಲ್ಲಿನ ಹೈಡ್ರೋಕಾರ್ಬನ್‌ಗಳು ಸೂರ್ಯನ ಬೆಳಕಿನಲ್ಲಿ ಸಾರಜನಕದ ಆಕ್ಸೈಡುಗಳೊಡನೆ ವರ್ತಿಸಿ, ಶ್ವಾಸಕೋಶಗಳಿಗೆ ಹಾನಿಕರವಾದ ಓಜೋನ್ ಅನಿಲವನ್ನು ಉಂಟುಮಾಡುತ್ತವೆ. ಅದರಲ್ಲಿರುವ ಬೆಂಜೀನ್ ಕ್ಯಾನ್ಸರ್‌ಕಾರಕ. ಮುಚ್ಚಿದ ಗ್ಯಾರೇಜಿನಲ್ಲಿ ಈ ಆವಿಗೆ ಬೆಂಕಿ ಹೊತ್ತಲು ಒಂದು ಕಿಡಿಯೇ ಸಾಕು.

ವ್ಯವಸ್ಥೆಯ ಕಾರ್ಯವಿಧಾನ

ಟ್ಯಾಂಕಿನ ಆವಿಯು ಕೊಳವೆಯ ಮೂಲಕ ಇದ್ದಿಲಿನ ಡಬ್ಬಿಯೊಂದನ್ನು ಸೇರುತ್ತದೆ. ಅದರಲ್ಲಿರುವ ಸಕ್ರಿಯ ಇದ್ದಿಲು ಆವಿಯನ್ನು ಹಿಡಿದಿಡುತ್ತದೆ. ವಾಹನ ಚಲಿಸುವಾಗ ‘ಪರ್ಜ್ ವಾಲ್ವ್’ ಎಂಬ ಕವಾಟ ತೆರೆದು, ಆ ಆವಿಯನ್ನು ಎಂಜಿನ್ ಒಳಗೆಳೆದುಕೊಂಡು ದಹಿಸುತ್ತದೆ. ಡಬ್ಬಿಗೆ ಹೊರಗಿನ ಗಾಳಿ ಬರಲು ‘ವೆಂಟ್’ ಎಂಬ ಬೇರೊಂದು ದಾರಿಯಿರುತ್ತದೆ.

ಕೆಲವು ವಾಹನಗಳಲ್ಲಿ ಸೋರಿಕೆಯ ಸ್ವಯಂಪರೀಕ್ಷೆಯೂ ಉಂಟು. ವೆಂಟನ್ನು ಮುಚ್ಚಿ, ಟ್ಯಾಂಕಿನೊಳಗೆ ಅಲ್ಪ ನಿರ್ವಾತವನ್ನು ಉಂಟುಮಾಡಿ, ಅದು ಉಳಿಯುವುದೇ ಎಂದು ನೋಡಲಾಗುತ್ತದೆ. ಉಳಿಯದಿದ್ದರೆ ಎಚ್ಚರಿಕೆಯ ದೀಪ ಬೆಳಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದಲ್ಲಿ 1 ಮಿಲಿಮೀಟರ್ ರಂಧ್ರವನ್ನು, 2000ದಿಂದ ಹಂತಹಂತವಾಗಿ ಅರ್ಧ ಮಿಲಿಮೀಟರ್ ರಂಧ್ರವನ್ನು ಗುರುತಿಸುವ ಸಾಮರ್ಥ್ಯ ಕಡ್ಡಾಯವಾಯಿತು. ಈ ಪರೀಕ್ಷೆ ಎಲ್ಲ ವಾಹನಗಳಲ್ಲಿಯೂ ಇರುವುದಿಲ್ಲ. ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರಕ್ಕಾಗಿ ನಡೆಯುವ ತಪಾಸಣೆಯೂ ಹೊಗೆಕೊಳವೆಯ ಅನಿಲಕ್ಕೆ ಸೀಮಿತವಾದುದು. ಆದುದರಿಂದ ದೀಪ ಬೆಳಗಿಲ್ಲ ಅಥವಾ ಪ್ರಮಾಣಪತ್ರವಿದೆ ಎಂಬ ಕಾರಣಕ್ಕೆ ಪೆಟ್ರೋಲ್ ವಾಸನೆಯನ್ನು ಅಲಕ್ಷಿಸಕೂಡದು.

ಪತ್ತೆಯ ಕ್ರಮ

ದೋಷವನ್ನು ಸೂಚಿಸುವ ಸಂಕೇತವು ಸೋರಿಕೆಯ ಗಾತ್ರವನ್ನು ತಿಳಿಸುತ್ತದೆಯೇ ಹೊರತು ಸ್ಥಳವನ್ನಲ್ಲ. ಪಿ 0442 ಎಂದರೆ ಸಣ್ಣ ಸೋರಿಕೆ, ಪಿ 0456 ಎಂದರೆ ಅತಿ ಸಣ್ಣ ಸೋರಿಕೆ. ಇವನ್ನು ನೋಡಿ ಊಹೆಯಿಂದ ಬಿಡಿಭಾಗಗಳನ್ನು ಬದಲಾಯಿಸುವುದು ಹಣದ ಅಪವ್ಯಯ. ಸುಲಭವಾದುದರಿಂದ ಆರಂಭಿಸಿ ಮುಂದುವರಿಯುವುದು ಸರಿಯಾದ ಕ್ರಮ.

1. ಸಂಕೇತವನ್ನು ಅಳಿಸುವ ಮೊದಲು ಬರೆದಿಟ್ಟುಕೊಳ್ಳಬೇಕು.

2. ಟ್ಯಾಂಕಿನ ಮುಚ್ಚಳವನ್ನು ಪರೀಕ್ಷಿಸಬೇಕು. ಅದರ ರಬ್ಬರ್ ಬಳೆ ಬಿರುಕು ಬಿಟ್ಟಿದ್ದರೆ, ಅಥವಾ ಕೊಳವೆಯ ಬಾಯಿಯಲ್ಲಿ ತುಕ್ಕು, ಧೂಳು ಇದ್ದರೆ ಮುಚ್ಚಳ ಸರಿಯಾಗಿ ಕೂರದು.

3. ತಣ್ಣಗಿರುವ ವಾಹನದ ರಬ್ಬರ್ ಕೊಳವೆಗಳನ್ನು, ಮುಖ್ಯವಾಗಿ ಬಾಗುವ ಮತ್ತು ಜೋಡಣೆಯಾಗುವ ಸ್ಥಳಗಳಲ್ಲಿ, ನೋಡಬೇಕು.

4. ಎಂಜಿನ್ ನಿಂತಿರುವಾಗ ಪರ್ಜ್ ವಾಲ್ವ್ ಮುಚ್ಚಿರಬೇಕು. ಅದರ ಮೂಲಕ ಗಾಳಿ ಹಾದುಹೋದರೆ ವಾಲ್ವ್ ಕೆಟ್ಟಿದೆ ಎಂದರ್ಥ. ಪೆಟ್ರೋಲ್ ತುಂಬಿಸಿದ ಕೂಡಲೇ ವಾಹನ ಚಾಲೂ ಆಗಲು ತೊಡಕಾಗುವುದು ಈ ದೋಷದ ಒಂದು ಲಕ್ಷಣ.

5. ಇಷ್ಟಕ್ಕೂ ಸೋರಿಕೆ ಸಿಗದಿದ್ದರೆ ‘ಸ್ಮೋಕ್ ಟೆಸ್ಟ್’ ಸೌಲಭ್ಯವಿರುವ ಕಾರ್ಯಾಗಾರಕ್ಕೆ ಒಯ್ಯಬೇಕು. ಅಲ್ಲಿ ಅತ್ಯಲ್ಪ ಒತ್ತಡದಲ್ಲಿ ವ್ಯವಸ್ಥೆಯೊಳಗೆ ಹೊಗೆ ತುಂಬಿಸುತ್ತಾರೆ. ರಂಧ್ರವಿದ್ದಲ್ಲಿ ಹೊಗೆ ಎಳೆಯಾಗಿ ಹೊರಬರುತ್ತದೆ.

ಎಚ್ಚರಿಕೆಗಳು

ಸೋರಿಕೆಯನ್ನು ಹುಡುಕಲು ಬೆಂಕಿಕಡ್ಡಿ ಗೀರುವುದು ಪ್ರಾಣಾಪಾಯಕರ. ಟೈರಿಗೆ ತುಂಬಿಸುವ ಒತ್ತಡದ ಗಾಳಿಯನ್ನು ಟ್ಯಾಂಕಿಗೆ ಹಾಯಿಸಬಾರದು. ಪೆಟ್ರೋಲ್ ಬಂಕಿನಲ್ಲಿ ನಳಿಕೆ ತಾನಾಗಿ ನಿಂತ ಮೇಲೆ ಮತ್ತಷ್ಟು ತುಂಬಿಸುವಂತೆ ಕೇಳಬಾರದು. ದ್ರವರೂಪದ ಪೆಟ್ರೋಲ್ ಡಬ್ಬಿಯನ್ನು ಸೇರಿದರೆ ಇದ್ದಿಲು ನಿರುಪಯುಕ್ತವಾಗಬಹುದು.

ದುರಸ್ತಿಯ ನಂತರ ಸಂಕೇತವನ್ನು ಅಳಿಸಿದೊಡನೆ ದೀಪ ಆರುತ್ತದೆ. ಅದು ದುರಸ್ತಿಗೆ ಸಾಕ್ಷಿಯಲ್ಲ. ಎಂಜಿನ್ ತಣ್ಣಗಿದ್ದು, ಟ್ಯಾಂಕು ಪೂರ್ತಿ ತುಂಬಿರದೆ, ಪೂರ್ತಿ ಬರಿದಾಗಿಯೂ ಇರದೆ ಇದ್ದಾಗ ಮಾತ್ರ ಸ್ವಯಂಪರೀಕ್ಷೆ ನಡೆಯುವುದರಿಂದ, ಸೋರಿಕೆ ಉಳಿದಿದ್ದರೂ ದೀಪ ಮತ್ತೆ ಬೆಳಗಲು ಹಲವು ದಿನಗಳು ಹಿಡಿಯಬಹುದು. ಆದುದರಿಂದ ಹಣ ಪಾವತಿಸುವ ಮುನ್ನ, ಸೋರಿಕೆಯನ್ನು ತೋರಿಸಿಕೊಟ್ಟ ಪರೀಕ್ಷೆಯನ್ನೇ ಮತ್ತೊಮ್ಮೆ ಮಾಡಿಸಿ, ಅದು ನಿಂತಿರುವುದನ್ನು ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳುವುದು ಉಚಿತ.