ಮಕ್ಕಳ ಅಂಗಡಿಯಾಟಕ್ಕೆ ಮರದ ಸಾಮಾನುಗಳು

ಮಕ್ಕಳು ಅಂಗಡಿಯಾಟವಾಡುವುದನ್ನು ಹಿರಿಯರು ಕಂಡು ಮುಗುಳುನಕ್ಕು ಮುಂದೆ ಸಾಗುವುದೇ ವಾಡಿಕೆ. ಆದರೆ ಐದಾರು ವರ್ಷದ ಬಾಲಕನು ಜಗಲಿಯ ಮೂಲೆಯಲ್ಲಿ ನಾಲ್ಕು ಕಲ್ಲು, ಎರಡು ಎಲೆ ಹರಡಿಕೊಂಡು, "ಏನು ಬೇಕು?" ಎಂದು ಗಂಭೀರವಾಗಿ ಕೇಳುವಾಗ ಎಣಿಕೆ, ತೂಕ, ಅಳತೆ, ಮಾತಿನ ಮರ್ಯಾದೆ ಎಲ್ಲವನ್ನೂ ಒಂದೇ ಸಲಕ್ಕೆ ಅಭ್ಯಸಿಸುತ್ತಿರುವನು. ಗಣಿತದ ತರಗತಿಯಲ್ಲಿ ವ್ಯವಕಲನವೆಂದರೆ ಮುಖ ಸಿಂಡರಿಸುವ ಮಗುವು ಇಲ್ಲಿ "ಚಿಲ್ಲರೆ ಕೊಡು" ಎಂದು ಹಠ ಹಿಡಿಯುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಈ ಆಟಕ್ಕೆ ಎಂತಹ ಮರದ ಸಾಮಾನುಗಳನ್ನು ಒದಗಿಸಬೇಕೆಂದು ಪೋಷಕರು ಆಗಾಗ ವಿಚಾರಿಸುವುದರಿಂದ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತೇವೆ.

ಶಿಶುವಿಹಾರ ಪದ್ಧತಿಯ ಮೂಲಪುರುಷರಾದ ಜರ್ಮನಿಯ ಫ್ರೋಬೆಲ್ (1782–1852) ಅವರು ಮಕ್ಕಳ ಕೈಗೆ ಮೊದಮೊದಲು ಕೊಟ್ಟ ವಸ್ತುಗಳಲ್ಲಿ ಮರದ ಗೋಲ, ಘನ, ಸಿಲಿಂಡರುಗಳು ಸೇರಿದ್ದವು. ಅವು ಯಾವುದರ ಪ್ರತಿಕೃತಿಯೂ ಅಲ್ಲ. ಇದನ್ನು ಪೇಟೆಯ ಆಟಿಕೆಗಳೊಡನೆ ಹೋಲಿಸಿರಿ. ಪೇಟೆಯಲ್ಲಿ ಟೊಮೇಟೋ ಟೊಮೇಟೋವಾಗಿಯೇ ಇರಬೇಕು, ಬಿಸ್ಕತ್ತು ಬಿಸ್ಕತ್ತಾಗಿಯೇ ಇರಬೇಕು. ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿಯವರು 1933ರಲ್ಲಿ ಆಟವನ್ನು ಕುರಿತು ಮಾಡಿದ ಉಪನ್ಯಾಸದಲ್ಲಿ, ಕೋಲೊಂದನ್ನು ಕುದುರೆಯೆಂದು ಬಗೆದು ಸವಾರಿ ಮಾಡುವ ಮಗುವು ವಸ್ತುವಿನಿಂದ ಅರ್ಥವನ್ನು ಬಿಡಿಸಿಕೊಳ್ಳಲು ಕಲಿಯುತ್ತದೆಯೆಂದು ವಿವರಿಸಿದರು. ಎರಡು ಮೂರು ವರ್ಷದ ಕೂಸಿಗೆ ಹೋಲಿಕೆ ಬೇಕು, ನಿಜ. ಮಾವಿನ ಹಣ್ಣು ಮಾವಿನಂತೆಯೇ ಕಾಣಬೇಕು. ನಾಲ್ಕು ದಾಟಿದ ಮೇಲೆ ಬರಿಯ ಸಿಲಿಂಡರೊಂದು ಇಂದು ತುಪ್ಪದ ಡಬ್ಬಿ, ನಾಳೆ ಸಾಬೂನು. ಆದುದರಿಂದ ಹೋಲಿಕೆಯುಳ್ಳವು ನಾಲ್ಕಾರು, ಸಾದಾ ತುಂಡುಗಳು ಇಪ್ಪತ್ತು ಮೂವತ್ತು, ಇದೇ ನಮ್ಮ ಎಣಿಕೆ. ನಡುವೆ ಅಂಟಿಸಿ, ಮರದ ಚಾಕುವಿನಿಂದ 'ಕತ್ತರಿಸು'ವಂತೆ ಮಾಡಿದ ತರಕಾರಿಗಳು ಈಗ ಬಹಳ ಬರುತ್ತಿವೆ. ಅವು ಅಡುಗೆಮನೆಯ ಆಟಕ್ಕೆ ಸಲ್ಲುವುವು. ಅಂಗಡಿಯಲ್ಲಿ ಯಾರೂ ಕುಂಬಳಕಾಯಿಯ ಹೊರತು ಬೇರೇನನ್ನೂ ಕತ್ತರಿಸಿ ಮಾರುವುದಿಲ್ಲವಷ್ಟೆ!

ಇನ್ನು ನಮ್ಮ ನಾಡಿಗೇ ವಿಶಿಷ್ಟವಾದ ಒಂದು ವಿಷಯ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಹುಟ್ಟಿ ಬೆಳೆದ ತಲೆಮಾರುಗಳಿಗೆ ಮನೆಯ ಮಾತು ಕನ್ನಡವೋ ತುಳುವೋ ಆದರೂ ಪೇಟೆಯ ಮಾತು ಹೆಚ್ಚಾಗಿ ಮಲೆಯಾಳ. ನಮ್ಮ ಒಂದನೆಯ ತರಗತಿಯ ಮಕ್ಕಳು ಅಂಗಡಿಯಾಟಕ್ಕೆ ಕುಳಿತೊಡನೆ, ಅದುವರೆಗೆ ಕನ್ನಡದಲ್ಲಿ ಹರಟುತ್ತಿದ್ದವರು, ಅಂಗಡಿಯವನ ಪೀಠವೇರುತ್ತಲೇ ಮಲೆಯಾಳದಲ್ಲಿ ಬೆಲೆ ಹೇಳತೊಡಗುವರು. ಇದು ಅವರ ತಪ್ಪಲ್ಲ, ಕಂಡದ್ದನ್ನೇ ಆಡುವರು. ಇದನ್ನು ಗದರಿಸಿ ನಿಲ್ಲಿಸುವುದು ಕೇವಲ ಅವಿವೇಕ. ಆದರೆ ಅರೆಪಾವು, ಕಾಲು, ಮುಕ್ಕಾಲು, ಒಂದೂವರೆ, ಎರಡೂಕಾಲು ಎಂಬ ಮಾತುಗಳು ಕನ್ನಡ ಮಗುವಿನ ಬಾಯಲ್ಲಿ ಆಡದೆ ಹೋದರೆ ಅವು ಪಾಠಪುಸ್ತಕದಲ್ಲಿ ಮಾತ್ರ ಉಳಿದಾವು. ನಾವು ಮಾಡುವ ಉಪಾಯ ಸರಳವಾದುದು. ಎರಡು ಅಂಗಡಿಗಳನ್ನು ಇಡಿಸುತ್ತೇವೆ. ಒಂದು ಪೇಟೆಯದು, ಮತ್ತೊಂದು ಅಜ್ಜನದು. ಅಜ್ಜನ ಅಂಗಡಿಯಲ್ಲಿ ಕನ್ನಡವೇ ನಡೆಯತಕ್ಕದ್ದು. ಅಲ್ಲಿ ಪಾವು, ಸೇರುಗಳೂ ಇರುವುವು. ನಾಲ್ಕು ಪಾವಿಗೆ ಒಂದು ಸೇರೆಂಬುದನ್ನು ಮರದ ಅಳತೆಯ ಪಾತ್ರೆಯಲ್ಲಿ ಕುಚ್ಚಲಕ್ಕಿ ಸುರಿದು ನೋಡಿದ ಮಗುವಿಗೆ ಭಿನ್ನರಾಶಿಯ ಭಯವಿಲ್ಲ. 'ಮುಕ್ಕಾಲು' ಎಂಬ ಶಬ್ದವು ಎರಡು ಅಂಗಡಿಗಳಲ್ಲಿಯೂ ಬಹುಮಟ್ಟಿಗೆ ಒಂದೇ ಎಂದು ಹುಡುಗಿಯೊಬ್ಬಳು ತಾನಾಗಿಯೇ ಕಂಡುಹಿಡಿದು ನಮಗೆ ಬಂದು ಹೇಳಿದಳು. ದ್ರಾವಿಡ ಭಾಷೆಗಳ ಬಾಂಧವ್ಯವನ್ನು ಇದಕ್ಕಿಂತ ಚೆನ್ನಾಗಿ ನಾವೂ ಕಲಿಸಲಾರೆವು.

ಹಣದ ಮಾತು. ಈಗಿನ ಮಕ್ಕಳು ಹಣವನ್ನು ಎಣಿಸುವುದನ್ನು ಕಾಣುವುದೇ ಅಪರೂಪವಾಗಿದೆ. ತಂದೆಯವರು ಫೋನನ್ನು ಗುರುತುಚಿತ್ರದ ಮುಂದೆ ಹಿಡಿದರೆ ಪೆಟ್ಟಿಗೆಯೊಂದು ಹಣ ಬಂತೆಂದು ಕೂಗುತ್ತದೆ. ಮಕ್ಕಳೂ ಮರದ ತುಂಡೊಂದನ್ನು ಫೋನಿನಂತೆ ಹಿಡಿದು ಹಾಗೆಯೇ ಕೂಗುವರು; ಅಲ್ಲಿಗೆ ಲೆಕ್ಕ ಮುಗಿಯಿತು, ಚಿಲ್ಲರೆಯಿಲ್ಲ, ಬಾಕಿಯಿಲ್ಲ. ಆದುದರಿಂದ 1, 2, 5, 10 ಎಂದು ಬರೆದ ಮರದ ಬಿಲ್ಲೆಗಳನ್ನು ಅವಶ್ಯವಾಗಿ ಮಾಡಿಸಬೇಕು. ಕನ್ನಡ ಅಂಕಿಗಳನ್ನು ಒಂದು ಮಗ್ಗುಲಲ್ಲಿ ಬರೆಯಿಸಿದರೆ ಇನ್ನೂ ಒಳ್ಳೆಯದು.

ಸಾಮಾನುಗಳಲ್ಲೆಲ್ಲ ತಕ್ಕಡಿಗೆ ನಾವು ಅಗ್ರಸ್ಥಾನ ಕೊಡುತ್ತೇವೆ. ಕೊಳ್ಳುವಾಗ ಬರಿದಾದ ತಟ್ಟೆಗಳು ಸಮನಾಗಿ ನಿಲ್ಲುವುವೇ ಎಂದು ನೋಡಬೇಕು. ಅಷ್ಟೇ ಸಾಲದು, ಎರಡು ವಸ್ತುಗಳನ್ನು ತೂಗಿ ಸಮವೆಂದು ಕಂಡ ಮೇಲೆ ಅವುಗಳನ್ನು ಅದಲುಬದಲು ಮಾಡಿ ಮತ್ತೆ ತೂಗಬೇಕು. ಆಗಲೂ ಸಮನಾಗಿದ್ದರೆ ದಂಡದ ಎರಡು ಕೈಗಳೂ ಸಮವೆಂದು ತಿಳಿಯಬಹುದು. ಬದಲಾದರೆ ತಕ್ಕಡಿ ಸುಳ್ಳು ಹೇಳುತ್ತದೆ. ಬೊಟ್ಟುಗಳು 1, 2, 2, 5ರ ಪ್ರಮಾಣದಲ್ಲಿ ನಾಲ್ಕೇ ಸಾಕು. ಅವುಗಳಿಂದ ಒಂದರಿಂದ ಹತ್ತರವರೆಗಿನ ಎಲ್ಲ ತೂಕಗಳನ್ನೂ ಹೊಂದಿಸಬಹುದು. ಹೇಗೆಂಬುದನ್ನು ಮಕ್ಕಳೇ ಕಂಡುಕೊಳ್ಳಲಿ. ನುಣುಪಾದ ಎರಡು ತೆಂಗಿನ ಗೆರಟೆಗಳೂ ಒಂದು ಕೋಲೂ ಇದ್ದರೆ ತಕ್ಕಡಿಯನ್ನು ಮನೆಯಲ್ಲಿಯೇ ಕಟ್ಟಬಹುದು.

ಕೊಳ್ಳುವವರಿಗೆ ನಮ್ಮ ದಕ್ಷಿಣದೇಶದಲ್ಲಿ ಕೊರತೆಯಿಲ್ಲ. ಚನ್ನಪಟ್ಟಣದ ಗೊಂಬೆಗಳು ಮುಖ್ಯವಾಗಿ ಹಾಲೆ ಮರದವು. ಆ ಮರವು ಬಿಳುಪು, ಹಗುರ, ನಯವಾದ ಎಳೆಯುಳ್ಳದ್ದು. ತಿರುಗಣೆಯಲ್ಲಿ ಸುತ್ತುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಳಿಕ ಕೇದಗೆಯ ಗರಿಯಿಂದ ತಿಕ್ಕಿ ಹೊಳಪೇರಿಸುವರು. ಆಂಧ್ರದ ಏಟಿಕೊಪ್ಪಾಕದಲ್ಲಿಯೂ ಇದೇ ಜಾತಿಯ ಮರ, ಇದೇ ಅರಗು. ಕೊಂಡಪಲ್ಲಿಯ ಗೊಂಬೆಗಳು ಮೃದುವಾದ ಪೊಣಿಕಿ ಮರದವು, ನೋಡಲು ಸೊಗಸು, ಮೇಲೆ ಬಳಿದ ಬಣ್ಣ. ಕಪಾಟಿಗೆ ತಕ್ಕುವು, ದಿನನಿತ್ಯದ ವ್ಯಾಪಾರಕ್ಕಲ್ಲ. ಹಣ್ಣಿನಂಗಡಿ ಇಡುವವರಿಗೆ ಮಹಾರಾಷ್ಟ್ರದ ಸಾವಂತವಾಡಿಯ ಮರದ ಹಣ್ಣುಗಳಿಗೆ ಮಿಗಿಲಿಲ್ಲ. ಗೋವೆಯ ಕಡೆಗೆ ಹೋಗುವವರು ಅಲ್ಲಿನ ಚಿತಾರ ಆಳಿ ಎಂಬ ಬೀದಿಯಲ್ಲಿ ಅವುಗಳನ್ನು ನೋಡಬಹುದು.

ಚನ್ನಪಟ್ಟಣದಲ್ಲಿ ಕೊಂಡುದೆಲ್ಲ ಅರಗಿನದೆಂದು ತಿಳಿಯಕೂಡದು. ಎಣ್ಣೆಬಣ್ಣ ಬಳಿದವೂ ಉಂಟು. ಉಗುರಿನಿಂದ ಕೆರೆದಾಗ ಪದರವಾಗಿ ಏಳುವುದನ್ನೂ ತೀಕ್ಷ್ಣವಾಗಿ ನಾರುವುದನ್ನೂ ಬಿಟ್ಟುಬಿಡಿರಿ. ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಪಾಲನ್ನು ಮೀರಕೂಡದೆಂದು ಗೃಹಬಳಕೆಯ ಬಣ್ಣಗಳಿಗೆ 2016ರಲ್ಲಿ ನಿಯಮವಾಗಿದೆ. ಅದಕ್ಕೆ ಮುಂಚಿನ ಹಳೆಯ ಆಟಿಕೆಗಳನ್ನು ಬಾಯಿಗಿಡುವ ಕೂಸುಗಳಿಗೆ ಕೊಡದಿರುವುದು ಲೇಸು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತಾದರೂ ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೆ ವಿನಾಯಿತಿ ಕೊಟ್ಟಿದ್ದಾರೆ. ಹೀಗಾಗಿ ಅವುಗಳ ವಿಷಯದಲ್ಲಿ ಕೊಳ್ಳುವವನ ಕಣ್ಣೇ ಪರೀಕ್ಷಕ. ಮೂರು ವರ್ಷದೊಳಗಿನ ಮಗುವಿರುವ ಮನೆಯಲ್ಲಿ ಸುಮಾರು 3 ಸೆಂಟಿಮೀಟರ್ ಅಗಲದ ಕೊಳವೆಯೊಳಗೆ ಇಳಿದುಹೋಗುವ ಯಾವ ತುಂಡೂ, ಮೇಲೆ ಹೇಳಿದ ಬಿಲ್ಲೆಗಳೂ ಸೇರಿದಂತೆ, ನೆಲದ ಮೇಲೆ ಇರಕೂಡದು.

ಇದಕ್ಕಿಂತ ದೊಡ್ಡ ಅಪಾಯವು ಹಿತ್ತಿಲಿನಲ್ಲಿದೆ. ಅಂಗಡಿಗೆ ಸರಕು ಸಾಲದಾದಾಗ ಮಕ್ಕಳು ಗುಡ್ಡಕ್ಕೆ ಓಡುವರು. ಕಾಸರಕದ ಬೀಜವು ಚಪ್ಪಟೆಯಾಗಿ, ದುಂಡಗೆ, ಥೇಟ್ ನಾಣ್ಯದಂತಿದೆ. ಅದರಲ್ಲಿ ಸ್ಟ್ರಿಕ್ನೀನ್ ಎಂಬ ಘೋರವಿಷವಿದೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿಯು ಅಂದವಾದುದರಿಂದಲೇ ಅನರ್ಥಕಾರಿ. ಅಗಿದು ನುಂಗಿದರೆ ಪ್ರಾಣಾಪಾಯ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಸೋಕಿದರೆ ಕೈ ಬೊಕ್ಕೆಯೇಳುತ್ತದೆ. ಈ ಮೂರನ್ನು ಮಕ್ಕಳಿಗೆ ತೋರಿಸಿ, ಹೆಸರು ಹೇಳಿ, ಬೇಡವೆನ್ನಬೇಕು. ಕಣ್ಣಿಗೆ ಬೀಳದಂತೆ ಮರೆಮಾಚಿದರೆ ಗುರುತಾಗುವುದಿಲ್ಲ. ಇವುಗಳ ಬದಲಿಗೆ ಒಣಗಿದ ಅಡಿಕೆಹಾಳೆಯ ತುಂಡುಗಳನ್ನು ನೋಟಿನ ಅಳತೆಗೆ ಕತ್ತರಿಸಿಕೊಡಬಹುದು.

ಕೊಳ್ಳಲಾರದವರು ಊರ ಆಚಾರಿಗಳಲ್ಲಿ ಕೇಳಬೇಕು. ಹಲಸು, ತೇಗಗಳ ತುಂಡುಗಳು ಅವರ ಕೊಟ್ಟಿಗೆಯಲ್ಲಿ ರಾಶಿಬಿದ್ದಿರುತ್ತವೆ. ಅಂಚುಗಳನ್ನು ಉರುಟಾಗಿಸಿ, ಸಿಬಿರು ಹೋಗುವಂತೆ ಮರಳುಕಾಗದದಿಂದ ಉಜ್ಜಿ, ಮೇಲೆ ತೆಂಗಿನೆಣ್ಣೆ ಸವರಿದರೆ ಸಾಕು, ಬಣ್ಣವೇ ಬೇಡ. ಅರಗಿನ ಸಾಮಾನನ್ನು ನೀರಿನಲ್ಲಿ ನೆನೆಹಾಕಕೂಡದು, ಹೊಳಪು ಕಂದಿ ಬೆಳ್ಳಗಾಗುತ್ತದೆ, ಬಿಸಿನೀರಂತೂ ಸಲ್ಲ. ತೇವದ ಬಟ್ಟೆಯಿಂದ ಒರಸಿ ಕೂಡಲೇ ಆರಿಸಬೇಕು. ಆಟಿ ತಿಂಗಳ ಮಳೆಯಲ್ಲಿ ಎಲ್ಲಕ್ಕೂ ಬೂಷ್ಟು ಹಿಡಿಯುವುದರಿಂದ ಗಾಳಿಯಾಡುವ ಬೆತ್ತದ ಬುಟ್ಟಿಯಲ್ಲಿ, ಅಡುಗೆಮನೆಯ ಒಲೆಯಿಂದ ತುಸು ದೂರದ ಅಟ್ಟದ ಮೇಲೆ ಇಟ್ಟು, ಬಿಸಿಲು ಬಂದ ದಿನ ನೆರಳಿನಲ್ಲಿ ಹರಡುವುದು ಮಕ್ಕಳ ಕೆಲಸವಾಗಿರಲಿ.